ನಮ್ಮವರ ಅಡುಗೆ

“ಆ ಬುರ್ಖಾನ ಒಲೆ ಹತ್ರ ಬಿಡಬೇಡ ಅಂತ ಎಷ್ಟು ಸಲ ಬೊಗಳ್ಲಿ ನಿಂಗೆ? ಪಾತ್ರೆ ತೊಳೆಯೋಕೆ ಇಟ್ಕೊಂಡಿರೋದು ಅವಳನ್ನ. ತೊಳೀಲಿ, ಮುಚ್ಕೊಂಡು.”

ಬೈದವನು ಶ್ರೀಕಂಠ, ಡಬ್ಲಿನ್ನಿನ ಸ್ಯಾಂಟ್ರಿಯ ಬಿಸಿನೆಸ್ ಪಾರ್ಕಿನಲ್ಲಿ ಟೈರ್ ಗೋಡೌನಿನ ಪಕ್ಕ ‘ಮಡಿ ಅಡುಗೆ’ ಎಂದು ಕೇಟರಿಂಗಿನ ಬೋರ್ಡು ಹಾಕಿಕೊಂಡ ಮೈಸೂರಿನ ಮಹಾನುಭಾವ. ಬೈಸಿಕೊಂಡವಳು ಅವನ ಅಡುಗೆಯವಳು ಮಾಲತಿ. ಬುರ್ಖಾ ಎನಿಸಿಕೊಂಡವಳು ಅಫ್ಘಾನಿಸ್ತಾನದ ಪಲ್ವಶಾ. ಅವಳ ತಲೆಯ ಮೇಲೆ ಇದ್ದದ್ದು ಬುರ್ಖಾ ಅಲ್ಲ, ಕೂದಲು ಬೀಳದಿರಲೆಂದು ಶ್ರೀಕಂಠನೇ ಕೊಟ್ಟ ನೀಲಿ ಪ್ಲಾಸ್ಟಿಕ್ ಟೋಪಿ. ಮಾಲತಿಯ ತಲೆಯ ಮೇಲೂ ಅದೇ ಇತ್ತು.

ಮಾಲತಿಯ ಹೆಸರೂ ಮಾಲತಿಯಲ್ಲ. ಕೋಲಾರದ ಕಡೆಯ ಒಂದು ಹೊಲಗೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಮೆಸ್ಸುಗಳ ಒಲೆಯ ಮುಂದೆ ಪಳಗಿದ ಪಿಳ್ಳಮ್ಮ ಅವಳು. ಕೈರುಚಿ ನೋಡಿ, ಜಾತಿಯನ್ನೂ ಕೇಳಿ ತಿಳಿದುಕೊಂಡೇ ಶ್ರೀಕಂಠ ಕೆಲಸದ ಪರ್ಮಿಟ್ ಮಾಡಿಸಿ ಕರೆಸಿಕೊಂಡಿದ್ದ. ಬಂದ ದಿನವೇ ಹೊಸ ನಾಮಕರಣವಾಯಿತು. ಪಿಳ್ಳಮ್ಮ ಅಂದರೆ ಗಿರಾಕಿಗಳಿಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದ. ಎಸರು ಅನ್ನಬೇಡ, ಹುಳಿ ಅನ್ನು ಎಂದ. ಯಾರಾದರೂ ಕೇಳಿದರೆ ಮುಗುಳ್ನಕ್ಕು ಸುಮ್ಮನಿರು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದ. ಅವನು ನೋಡಿಕೊಳ್ಳುತ್ತಿದ್ದದ್ದು ಒಂದೇ ಮಾತಿನಲ್ಲಿ: “ಅಡುಗೆಯವರು ನಮ್ಮವರೇ.” ಸುಳ್ಳು ಎನ್ನುವಂತಿರಲಿಲ್ಲ, ಪರ್ಮಿಟ್ಟಿನ ಜುಟ್ಟು ಅವನ ಕೈಯಲ್ಲೇ ಇತ್ತು. ಊರಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಳು. ಈ ಕೆಲಸ ಹೋದರೆ ಆ ಓದೂ ಹೋಗುತ್ತಿತ್ತು. ಅದಕ್ಕೇ ಪಿಳ್ಳಮ್ಮ ಬೋಳಿಮಗ ಅನ್ನುವ ಮಾತನ್ನು ದಿನಾ ಹಲ್ಲಿನ ಹಿಂದೆಯೇ ಕಟ್ಟಿಹಾಕುತ್ತಿದ್ದಳು.

ಪಲ್ವಶಾಳ ಕಥೆಯನ್ನು ಪಿಳ್ಳಮ್ಮ ಸಿಂಕಿನ ಬಳಿ ನಿಂತು ಕೇಳಿದ್ದಳು. ಅವಳದು ಸೀರಿಯಲ್ಲು ನೋಡಿ ಕಲಿತ ಹಿಂದಿ, ಇವಳದು ಶಿವಾಜಿನಗರದ ಹಿಂದಿ. ಎರಡೂ ಸೇರಿ ಹೇಗೋ ಸಂಸಾರ ಸಾಗುತ್ತಿತ್ತು. ಪಲ್ವಶಾ ಜಲಾಲಾಬಾದಿನಲ್ಲಿ ರೇಡಿಯೋ ನಡೆಸುತ್ತಿದ್ದವಳು. ಅಲ್ಲಿ ಮರ್ಯಾದಸ್ಥರ ಮನೆಯ ಹೆಂಗಸಿನ ಹೆಸರನ್ನು ಹೊರಗಿನವರ ಮುಂದೆ ಎತ್ತುವಂತಿಲ್ಲವಂತೆ. ಮದುವೆಯ ಕರೆಯೋಲೆಯಲ್ಲಿ ಮದುಮಗಳ ಹೆಸರಿರುವುದಿಲ್ಲ. ಸತ್ತರೆ ಗೋರಿಯ ಮೇಲೂ ಇಂಥವನ ಹೆಂಡತಿ, ಇಂಥವನ ತಾಯಿ, ಅಷ್ಟೇ. ಪಲ್ವಶಾಳ ಕಾರ್ಯಕ್ರಮದಲ್ಲಿ ಹೆಂಗಸರು ಫೋನು ಮಾಡಿ ತಮ್ಮ ಹೆಸರು ಹೇಳಬೇಕು, ಬೇರೇನೂ ಬೇಡ. ಮೊದಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ಫೋನು ಬಿಡುವೇ ಕೊಡಲಿಲ್ಲ. ಊರ ಗಂಡಸರ ಮಾನ ಹೋಗಿ ಸ್ಟುಡಿಯೋಗೆ ಕಲ್ಲು ಬಿತ್ತು. ತಾಲಿಬಾನ್ ಬಂದ ಮೇಲೆ ಅವಳು ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದಳು. ಡಬ್ಲಿನ್ನಿನಲ್ಲಿ ಆಗಾಗ ವೇದಿಕೆ ಹತ್ತಿಸಿ, ಧೈರ್ಯವಂತೆ ಎಂದು ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯಿಂದ ಬಾಡಿಗೆ ಕಟ್ಟಲಾಗದು, ಹಾಗಾಗಿ ಪಾತ್ರೆ. ಈಗಲೂ ಕೆಲಸಕ್ಕೆ ಬರುವ ಬಸ್ಸಿನಲ್ಲಿ ಕೂತು, ಶಾಲೆ ಮುಚ್ಚಿಸಿಕೊಂಡ ಅಲ್ಲಿನ ಹುಡುಗಿಯರಿಗೆ ಫೋನಿನಲ್ಲೇ ಪಾಠ ಹೇಳುತ್ತಾಳೆ.

“ನಿಮ್ಮ ಗಂಡಸ್ರು ಹೆಸರು ನುಂಗ್ತಾರೆ. ನಮ್ಮೋನು ಇನ್ನೊಂದು ಹೆಸರು ಇಟ್ಟು ನುಂಗ್ತಾನೆ,” ಎಂದು ಪಿಳ್ಳಮ್ಮ ನಕ್ಕಿದ್ದಳು. ನಿಜವಾದ ಹೆಸರನ್ನೂ ಅವತ್ತೇ ಹೇಳಿದ್ದಳು.

ಪಲ್ವಶಾ ನಗಲಿಲ್ಲ. “ನನ್ನ ಮುಂದೆ ಹೇಳಿದ್ರೆ ಏನು ದೊಡ್ಡಸ್ತಿಕೆ? ನಾನು ಪಾತ್ರೆ ತೊಳೆಯೋಳು,” ಎಂದಳು. ಪಿಳ್ಳಮ್ಮನಿಗೆ ರೇಗಿತು. ಕಳೆದುಕೊಳ್ಳಲು ಏನೂ ಉಳಿಯದವಳು ಏನು ಬೇಕಾದರೂ ಹೇಳಬಹುದು ಎಂದುಕೊಂಡಳು. ಆಮೇಲೆ ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಒಂದು ಭಾನುವಾರ ಊರಿನ ಇನ್ನೊಂದು ತುದಿಯ ಲೆಪರ್ಡ್ಸ್‌ಟೌನಿನ ಹಾಲೊಂದರಲ್ಲಿ ಶ್ರೀಕಂಠನ ಹಳೆಯ ಗಿರಾಕಿ ವೇದಾವತಿಯವರ ಮೊಮ್ಮಗಳ ನಾಮಕರಣ. ಅಕ್ಕಿಯ ಮೇಲೆ ಚಿನ್ನದುಂಗುರದಿಂದ ಹೆಸರು ಬರೆದಾಯಿತು, ಮಗುವಿನ ಕಿವಿಯಲ್ಲಿ ಉಸುರಿದ್ದಾಯಿತು. ಮೈಸೂರಿನಿಂದ ಬೀಗರು ಬಂದಿದ್ದರಿಂದ ವೇದಾವತಿಯವರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಪಿಳ್ಳಮ್ಮ ಹೋಳಿಗೆ ಬೇಯಿಸುತ್ತಿದ್ದಾಗ ಪಕ್ಕದ ಒಲೆಯಲ್ಲಿದ್ದ ಎರಡನೇ ಪಾತ್ರೆಯ ಪಾಯಸ ತಳ ಹಿಡಿಯತೊಡಗಿತು. ಪಲ್ವಶಾ ಸೌಟು ತೆಗೆದು ತಿರುವಿದಳು. ಸೀಯುತ್ತಿರುವುದನ್ನು ಕಂಡ ಯಾವ ಹೆಂಗಸೂ ಮಾಡುವ ಕೆಲಸ. ಸರಿಯಾಗಿ ಅದೇ ಹೊತ್ತಿಗೆ ಶ್ರೀಕಂಠ, ಅವನ ಹಿಂದೆ ವೇದಾವತಿಯವರು ಒಳಗೆ ಬಂದರು.

ವೇದಾವತಿಯವರು ಬಂದದ್ದು ಪಲ್ವಶಾಳನ್ನು ನೋಡಲಿಕ್ಕೇ. ಟೀವಿಯಲ್ಲಿ ಬಂದಿದ್ದವಳು ತಮ್ಮ ಫಂಕ್ಷನ್ನಿನಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆಂದು ಯಾರೋ ಹೇಳಿದ್ದರು. ಇಂಗ್ಲಿಷಿನಲ್ಲಿ ಹೊಗಳಿದರು, ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡರು. ಹೆಣ್ಣುಮಕ್ಕಳ ಪರವಾಗಿ ಹೋರಾಡುವವರ ಕೈ ಮಗುವಿಗೆ ಸೋಕಿದರೆ ಒಳ್ಳೆಯದು, ಆಮೇಲೆ ಬಂದು ಹರಸಬೇಕು ಎಂದರು. ನಂತರ ಕನ್ನಡಕ್ಕೆ ಇಳಿದರು.

“ಶ್ರೀಕಂಠ, ತಪ್ಪು ತಿಳ್ಕೋಬೇಡಿ. ಬೀಗರು ಪಂಕ್ತೀಲಿ ಕೂತಿದಾರೆ. ಆ ಪಾಯಸ ಚೆಲ್ಲಿಸ್ಬಿಡಿ.”

ಶ್ರೀಕಂಠನ ಮುಖದಲ್ಲಿ ರಕ್ತವಿರಲಿಲ್ಲ. ಪಾತ್ರೆಯನ್ನು ತಾನೇ ಎತ್ತಿ ಸಿಂಕಿಗೆ ಸುರಿದ. ಗೋಡಂಬಿ ದ್ರಾಕ್ಷಿಗಳು ಜಾಲರಿಯ ಮೇಲೆ ಗುಡ್ಡೆಯಾದವು. ವೇದಾವತಿಯವರು ಪಂಕ್ತಿಗೆ ಹೋದ ಮೇಲೆ ಪಲ್ವಶಾಳತ್ತ ತಿರುಗಿ, ನಾಳೆಯಿಂದ ಬರಬೇಡ, ಈಗ ವ್ಯಾನಿನಲ್ಲಿ ಹೋಗಿ ಕೂತಿರು ಎಂದ. ಅವಳು ಏಪ್ರನ್ ಬಿಚ್ಚಿ, ಮಡಿಸಿ, ಸಿಂಕಿನ ಅಂಚಿನ ಮೇಲೆ ಇಟ್ಟಳು. ಹೋಗುವಾಗ ಪಿಳ್ಳಮ್ಮನ ಮುಖವನ್ನೂ ನೋಡಲಿಲ್ಲ. ಪಿಳ್ಳಮ್ಮನಿಗೆ ಅದೇ ಹೆಚ್ಚು ಉರಿಯಿತು.

“ಏನ್ ಪಿಳಿಪಿಳಿ ನೋಡ್ತೀಯ? ಮೊದಲನೇ ಪಾತ್ರೇಲಿ ಇರೋದನ್ನ ಬಡಿಸು, ನಡಿ. ಮುಖ ನಗ್ತಾ ಇರ್ಲಿ,” ಎಂದ ಶ್ರೀಕಂಠ.

ಪಿಳ್ಳಮ್ಮ ಪಾಯಸದ ಬಕೆಟ್ಟು ಹಿಡಿದು ಪಂಕ್ತಿಗೆ ನಡೆದಳು. ಉದ್ದನೆಯ ಟೇಬಲ್ಲಿನ ಮೇಲೆ ಕಾಗದದ ಬಾಳೆಲೆಗಳು. ಮಗುವಿನ ಅಜ್ಜ, ಅಂದರೆ ವೇದಾವತಿಯವರ ಬೀಗರು ಅನಂತಕೃಷ್ಣರಾಯರು, ಆಗಲೇ ಎರಡು ಬಾರಿ ಹಾಕಿಸಿಕೊಂಡು ಮೂರನೆಯದಕ್ಕೆ ದೊನ್ನೆ ಮುಂದೆ ಸರಿಸಿದ್ದರು. ಪಿಳ್ಳಮ್ಮ ತುಂಬ ಬಡಿಸಿದಳು. ಹುಳಿ ಚಿನ್ನದಂಥಾದ್ದು, ಪಾಯಸವಂತೂ ತಮ್ಮ ತಾಯಿಯ ಕೈಯದೇ ಎಂದರು. ಬೆಳಿಗ್ಗೆಯಿಂದ ಇದ್ದ ಮಂಡಿನೋವೂ ಮರೆತುಹೋಯಿತಂತೆ.

“ಇವರೇ ನಮ್ಮ ಮಾಲತಿ. ನಮ್ಮವರೇ,” ಎಂದರು ಪಕ್ಕದಲ್ಲಿ ಕೂತಿದ್ದ ವೇದಾವತಿಯವರು, ಪಾಯಸ ಬಾಯಿಗಿಟ್ಟುಕೊಳ್ಳುತ್ತ.

ರಾಯರು ಕತ್ತೆತ್ತಿದರು. ಸಮುದ್ರ ದಾಟಿದರೂ, ವಿಮಾನದಲ್ಲಿ ಯಾರು ಬೇಯಿಸಿದ್ದನ್ನೋ ತಿಂದು ಬಂದರೂ ಅವರೊಳಗಿಂದ ಹೊರಬೀಳದೆ ಇರಲಾರದ ಪ್ರಶ್ನೆಯೊಂದಿತ್ತು. ಪ್ರೀತಿಯಿಂದಲೇ ಕೇಳಿದರು.

“ನೀವು ಯಾವ ಪೈಕಿಯವರಮ್ಮಾ? ಸ್ಮಾರ್ತರೋ, ಮಾಧ್ವರೋ?”

ಬಾಗಿಲ ಬಳಿ ಶ್ರೀಕಂಠ ತುಟಿಯ ಮೇಲೆ ಬೆರಳಿಟ್ಟ. ಮುಗುಳ್ನಗಬೇಕಾದ ಜಾಗ ಅದು. ಪಿಳ್ಳಮ್ಮನಿಗೆ ಮಗಳ ನೆನಪಾಯಿತು. ಆದರೂ ಬಾಯಿ ಸುಮ್ಮನಿರಲು ಒಪ್ಪಲಿಲ್ಲ.

“ಎರಡೂ ಅಲ್ಲ ಸ್ವಾಮಿ. ನಾವು ಹೊಲಗೇರಿಯೋರು. ಮಾಲತಿ ಅನ್ನೋದು ಈ ಬೋಳಿಮಗ ಇಟ್ಟಿದ್ದು. ನಮ್ಮಪ್ಪ ಇಟ್ಟಿದ್ದು ಪಿಳ್ಳಮ್ಮ. ಎಸರು, ಅನ್ನ, ಹೋಳಿಗೆ, ಪಾಯಸ ಎಲ್ಲಾ ನಂದೇ ಕೈ. ಒಳಗೆ ಇನ್ನೊಬ್ಬಳು ಸೌಟು ಮುಟ್ಟಿದ್ಲು ಅಂತ ಒಂದು ಪಾತ್ರೆ ಪಾಯಸ ಚೆಲ್ಲುಸಿದ್ರಲ್ಲ, ಅದೂ ನಂದೇ. ಅವಳ ಹೆಸ್ರು ಪಲ್ವಶಾ.”

ಶ್ರೀಕಂಠ ಗೋಡೆ ಹಿಡಿದುಕೊಂಡ. ರಾಯರ ಕೈ ದೊನ್ನೆಗೂ ಬಾಯಿಗೂ ನಡುವೆ ನಿಂತಿತು. ವೇದಾವತಿಯವರ ಎರಡೂ ಕೆನ್ನೆ ಉಬ್ಬಿದ್ದವು; ಉಗುಳಿದರೆ ಬೀಗರ ಮುಂದೆ ಮಾನ ಹೋಗುತ್ತದೆ, ನುಂಗಿದರೆ ಜಾತಿ. ಕಣ್ಣಲ್ಲಿ ನೀರು ತುಂಬಿಕೊಂಡು ಹಾಗೇ ಕೂತಿದ್ದರು. ಪಿಳ್ಳಮ್ಮ ಅವರ ಎದುರಿಗೆ ಬಂದು ನಿಂತು, ಬಕೆಟ್ಟಿನಿಂದ ತುಂಬಿದ ಸೌಟನ್ನು ಎತ್ತಿ ಹಿಡಿದಳು.

“ನುಂಗ್ರಿ ಅಮ್ಮಾ, ಕಾಯ್ತೀನಿ. ಇನ್ನೂ ಐತೆ.”