ಐದೇ ನಿಮಿಷ ಸಾರ್

ಮೇಲಿನ ಮಹಡಿಯ ಮೂಲೆ ರೂಮಿನಿಂದ ಫೋನು ಬಂದಾಗ ರಿಸೆಪ್ಷನ್ನಿನವನು ಕಾಫಿ ಕುಡಿಯುತ್ತಿದ್ದ. ಲೋಟ ಕೆಳಗಿಡದೆಯೇ ಇನ್ನೊಂದು ಕೈಯಲ್ಲಿ ರಿಸೀವರ್ ಎತ್ತಿದ.

"ಟವೆಲ್ ಕೇಳಿ ಎಷ್ಟು ಹೊತ್ತಾಯ್ತು ಕಣ್ರೀ! ಸ್ನಾನ ಮುಗಿಸಿ ನಿಂತಿದ್ದೀನಿ. ಮೈಯಿಂದ ನೀರು ಸುರೀತಿದೆ."

"ಅಯ್ಯೋ, ಇನ್ನೂ ಬಂದಿಲ್ವಾ ಸಾರ್? ಐದೇ ನಿಮಿಷ. ಈಗ ಕಳಿಸ್ದೆ."

ಫೋನು ಇಟ್ಟು ಕಾಫಿ ಮುಂದುವರಿಸಿದ. ಟವೆಲ್ ಕಳಿಸುವ ಪ್ರಶ್ನೆಯೇ ಇರಲಿಲ್ಲ. ಇದ್ದಬದ್ದ ಟವೆಲ್ಲುಗಳೆಲ್ಲ ಲಾಂಡ್ರಿಯಲ್ಲಿದ್ದವು, ಸಂಜೆಗೆ ಮುಂಚೆ ಬರುವಂತಿರಲಿಲ್ಲ. ಇದು ಅವನಿಗೂ ಗೊತ್ತು, ಕಸ ಗುಡಿಸುವವಳಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಒದ್ದೆ ಮೈಯಲ್ಲಿ ನಿಂತ ಆ ಒಬ್ಬ ಮನುಷ್ಯನಿಗೆ ಮಾತ್ರ. ಆಮೇಲೆ ಆತ ಕೆಳಗಿಳಿದು ಬಂದು, "ಹೊದಿಕೆಯಲ್ಲೇ ಒರೆಸಿಕೊಂಡೆ ಬಿಡಿ," ಎಂದು ಕೀಲಿಯನ್ನು ಮೇಜಿನ ಮೇಲೆ ಕುಕ್ಕಿ ಹೋದ.

"ಈ ಮೇಜಿನ ಹತ್ರ 'ಇಲ್ಲ' ಅನ್ನೋ ಮಾತು ಬರಕೂಡದು," ಎಂದು ಮಾಲೀಕ ಅವನನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ ಹೇಳಿದ್ದ. "ಇಲ್ಲ ಅಂದ್ರೆ ಜಗಳಕ್ಕೆ ಬರ್ತಾರೆ. ಬರ್ತಾ ಇದೆ ಅಂದ್ರೆ ರೂಮಲ್ಲೇ ಕಾಯ್ತಾರೆ. ಕಾದು ಸುಸ್ತಾಗಿ ಮಲಗ್ತಾರೆ, ಬೆಳಗ್ಗೆ ಎದ್ದು ಹೋಗ್ತಾರೆ. ಯಾರಿಗೇನು ನಷ್ಟ?"

ಆ ವಿದ್ಯೆಯಲ್ಲಿ ಅವನು ಎಷ್ಟು ಪಳಗಿದನೆಂದರೆ ಹೋಟೆಲಿನವರೆಲ್ಲ ಅವನನ್ನು 'ಐದ್ನಿಮಿಷ' ಎಂದೇ ಕರೆಯುತ್ತಿದ್ದರು. ಅವನಿಗೂ ಬೇಸರವಿರಲಿಲ್ಲ. ಕೆಟ್ಟವನೇನೂ ಅಲ್ಲ; ಯಾರ ಮನಸ್ಸನ್ನೂ ನೋಯಿಸಲಾರದ ಮನುಷ್ಯ. ಹಾಗೆ ನೋಯಿಸಲಾರದ್ದಕ್ಕೇ ಎಲ್ಲರ ಮೂಗಿಗೂ ತುಪ್ಪ ಸವರುತ್ತಿದ್ದ. ಅದನ್ನು ಸುಳ್ಳು ಎಂದು ಯಾರಾದರೂ ಕರೆದಿದ್ದರೆ ನಿಜಕ್ಕೂ ನೊಂದುಕೊಳ್ಳುತ್ತಿದ್ದ.

ಮನೆಯಲ್ಲೂ ಅದೇ ರಾಗ. ಹೆಂಡತಿ ಊರವರ ಮಕ್ಕಳಿಗೆ ಬಟ್ಟೆ ಹೊಲಿದುಕೊಡುತ್ತಿದ್ದಳು. ಹೊಲಿಗೆ ಮೆಷಿನ್ನಿನ ಬೆಲ್ಟು ತುಂಡಾದಾಗ "ನಾಳೆ ತಂದೆ ಅಂತ ತಿಳ್ಕೋ" ಎಂದಿದ್ದ. ಆ ನಾಳೆ ಬರುವ ಲಕ್ಷಣ ಕಾಣದೆ ಅವಳೇ ಹೋಗಿ ತಂದುಕೊಂಡಳು. ಸೋರುವ ನಲ್ಲಿಯನ್ನೂ ಅವಳೇ ಸರಿಮಾಡಿಸಿದಳು. ಮೊದಮೊದಲು ಜಗಳವಾಡುತ್ತಿದ್ದವಳು ಆಮೇಲೆ ಕೇಳುವುದನ್ನೇ ಬಿಟ್ಟಳು. ಸಂಸಾರ ಈಗ ಸುಸೂತ್ರವಾಗಿದೆ ಎಂದು ಐದ್ನಿಮಿಷ ತಿಳಿದುಕೊಂಡಿದ್ದ.

ಹೀಗಿರುವಾಗ ಬೇರೆ ಊರಿನ ದೊಡ್ಡ ಬಟ್ಟೆ ಅಂಗಡಿಯೊಂದರಿಂದ ಅವಳಿಗೆ ಕರೆ ಬಂತು. ಮಾದರಿಗೆಂದು ಮೂರು ಫ್ರಾಕು ಹೊಲಿದು ತರಬೇಕು. ಅಂಗಡಿಯೊಡತಿಗೆ ಹಿಡಿಸಿದರೆ ವರ್ಷವಿಡೀ ಕೆಲಸ. ಬಿಡಿ ಬಟ್ಟೆ ಹೊಲಿದು ಸಾಕಾಗಿದ್ದವಳು ಈ ಮೂರು ಫ್ರಾಕಿಗೆ ಜೀವವನ್ನೇ ತೇಯ್ದಳು. ಮೂರನೆಯದು ಬಿಳಿ ಬಣ್ಣದ್ದು. ಅದರ ಕುತ್ತಿಗೆಯ ಸುತ್ತ ಎಳೆ ಎಳೆಯಾದ ನೈಲಾನ್ ಲೇಸು ಇತ್ತು. ಅದನ್ನು ಮುಟ್ಟುವ ಮುಂಚೆ ಪ್ರತಿಸಲವೂ ಕೈ ತೊಳೆದುಕೊಳ್ಳುತ್ತಿದ್ದಳು.

"ಹಿಂದಿನ ದಿನವೇ ಹೋಗಿ ಹೋಟೆಲಲ್ಲಿ ಉಳಿಯೋಣ," ಎಂದ ಐದ್ನಿಮಿಷ. "ಹೋಟೆಲ್ ವಿಷಯ ನನಗೆ ಬಿಡು. ರಿಸೆಪ್ಷನ್ನಲ್ಲಿ ಕೂತೋರು ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗುತ್ತಾ?"

ಇಷ್ಟು ಕಾಲ ಹೋಟೆಲಿನಲ್ಲೇ ಇದ್ದರೂ ಅವನು ಯಾವ ಹೋಟೆಲಿಗೂ ಗಿರಾಕಿಯಾಗಿ ಹೋದವನಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆ ಊರಿನ ಹೋಟೆಲು ಬಸ್ ನಿಲ್ದಾಣದ ಹಿಂದೆ ಇತ್ತು. ಮೇಜಿನ ಹಿಂದೆ ನಡುವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು.

"ಬಿಸಿನೀರು ಇದೆ ತಾನೆ?" ಐದ್ನಿಮಿಷ ಗತ್ತಿನಿಂದ ಕೇಳಿದ.

"ಇಲ್ಲ. ಗೀಸರ್ ಕೆಟ್ಟಿದೆ. ರೂಮಲ್ಲಿ ಕೆಟಲ್ ಇದೆ, ಬೇಕಾದ್ರೆ ಕಾಯಿಸ್ಕೊಳ್ಳಿ."

ಅವನು ತಬ್ಬಿಬ್ಬಾದ. ಇಲ್ಲ ಅನ್ನೋದುಂಟೆ? ಅದೂ ಮೇಜಿನ ಹಿಂದೆ ಕೂತವರು?

"ರಾತ್ರಿಗಾದರೂ..."

"ರಾತ್ರಿಗೂ ಇಲ್ಲ. ಇನ್ನೊಂದು ವಿಷಯ. ಫ್ಯಾನು ಸದ್ದು ಮಾಡುತ್ತೆ. ಕಿಟಕಿ ತೆಗೆದ್ರೆ ಪಕ್ಕದ ಗೋಡೆ ಬಿಟ್ರೆ ಏನೂ ಕಾಣಲ್ಲ. ನೋಡಿ, ಬೇಡ ಅಂದ್ರೆ ಎದುರಿಗೇ ಬೇರೆ ಹೋಟೆಲಿದೆ."

ಹೆಂಡತಿಗೆ ನಗು ಬಂತು. "ಇದೇ ಇರಲಿ ಬಿಡಿ," ಎಂದಳು.

ಮೆಟ್ಟಿಲು ಹತ್ತುವಾಗ ಐದ್ನಿಮಿಷ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬಿಸಿನೀರು ಇದ್ದೇ ಇರುತ್ತೆ ಕಣೇ. ಕರೆಂಟು ಉಳಿಸೋಕೆ ಇಲ್ಲ ಅಂತಾಳೆ. ಇದು ಹೊಸ ವರಸೆ."

ರೂಮಿಗೆ ಹೋದವನೇ ಬಿಸಿನೀರಿನ ನಲ್ಲಿ ತಿರುಗಿಸಿ, ಕೈಯೊಡ್ಡಿ ನಿಂತ. ಬಕೆಟ್ಟು ತುಂಬಿ ಹರಿಯಿತು, ಕೈ ಮರಗಟ್ಟಿತು, ನೀರು ಮಾತ್ರ ಬೆಚ್ಚಗಾಗಲಿಲ್ಲ. ಫ್ಯಾನು ಹಾಕಿದ, ಕಿರುಗುಟ್ಟಿತು. ಕಿಟಕಿ ತೆಗೆದ, ಗೋಡೆ. ಅವನ ತಲೆಗೆ ಹುಳ ಬಿಟ್ಟಂತಾಯಿತು. ತನ್ನ ಹೋಟೆಲಿನಲ್ಲಾದರೆ ಯಾವ ಮಾತನ್ನು ಎಷ್ಟು ನಂಬಬೇಕೆಂದು ಅವನಿಗೆ ಗೊತ್ತಿತ್ತು. 'ಈಗ ಕಳಿಸ್ದೆ' ಅಂದರೆ ಕಳಿಸುವುದಿಲ್ಲ. 'ನೋಡೋಣ' ಅಂದರೆ ನೋಡುವುದಿಲ್ಲ. ಇಲ್ಲಿ ಇಲ್ಲ ಅಂದರೆ ಇಲ್ಲವೇ ಇಲ್ಲ! ಈ ಹೆಂಗಸು ಎಲ್ಲಿ ಮೋಸ ಮಾಡುತ್ತಿದ್ದಾಳೆಂದೇ ಅವನಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಹೆಂಡತಿ ಚೀಲ ತೆಗೆದು "ಅಯ್ಯೋ" ಎಂದಳು. ಬಸ್ಸಿನಲ್ಲಿ ಯಾರೋ ಅದರ ಮೇಲೆ ಪೆಟ್ಟಿಗೆ ಹೇರಿದ್ದರು. ಮೂರು ಫ್ರಾಕೂ ಮುದುರಿ ಮುದ್ದೆಯಾಗಿದ್ದವು.

ಇಬ್ಬರೂ ಕೆಳಗೆ ಓಡಿದರು. ಕನ್ನಡಕದಾಕೆ ಫ್ರಾಕನ್ನು ಮುಟ್ಟದೆ ಬಗ್ಗಿ ನೋಡಿದಳು.

"ನಮ್ಮಲ್ಲಿ ಇಸ್ತ್ರಿ ಪೆಟ್ಟಿಗೆ ಇಲ್ಲಮ್ಮ. ಹಿಂದಿನ ಬೀದಿ ಇಸ್ತ್ರಿ ಅಜ್ಜ ಇವತ್ತು ಅಂಗಡಿ ಮುಚ್ಚಿ ಹೋಗಿಬಿಟ್ರು. ಬಟ್ಟೆ ಇಲ್ಲಿ ಬಿಟ್ಟಿರಿ. ಬೆಳಗ್ಗೆ ನೀವು ಹೊರಡೋ ಹೊತ್ತಿಗೆ ನಾನು ಮಾಡಿಸಿ ಕೊಡ್ತೀನಿ."

"ಖಂಡಿತ ಆಗುತ್ತಾ? ನನಗೆ ಇದೊಂದೇ ಅವಕಾಶ," ಎಂದಳು ಹೆಂಡತಿ.

"ಆಗಲ್ಲ ಅನ್ನೋ ಹಾಗಿದ್ರೆ ಈಗಲೇ ಹೇಳಿಬಿಡ್ತಿದ್ದೆ."

ಹೆಂಡತಿ ಕೊಟ್ಟ ಚೀಲವನ್ನು ಆಕೆ ಮೇಜಿನಡಿ ಇಟ್ಟಳು. ಹೆಂಡತಿ ಅಷ್ಟು ಸಲೀಸಾಗಿ ಒಬ್ಬರ ಮಾತು ನಂಬಿದ್ದು ಐದ್ನಿಮಿಷನಿಗೆ ಯಾಕೋ ಹಿಡಿಸಲಿಲ್ಲ. "ಬೆಳಗ್ಗೆ ನೋಡ್ತಿರು, ಚೀಲ ಅಲ್ಲೇ ಬಿದ್ದಿರುತ್ತೆ," ಎಂದ ರೂಮಿಗೆ ಬಂದ ಮೇಲೆ.

ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಅವನು ಕೆಳಗಿಳಿದ. ಮೇಜಿನ ಹಿಂದೆ ಯಾರೂ ಇರಲಿಲ್ಲ. ಬಗ್ಗಿ ನೋಡಿದ. ಚೀಲ ಮೇಜಿನಡಿಯಲ್ಲೇ ಇತ್ತು, ಇಟ್ಟದ್ದು ಇಟ್ಟ ಹಾಗೆ.

ಹೇಳಿದರೆ ನಾಚಿಕೆ, ಆ ಕ್ಷಣ ಅವನಿಗೆ ಖುಷಿಯೇ ಆಯಿತು. ರಾತ್ರಿಯೆಲ್ಲ ಬುಡಮೇಲಾಗಿದ್ದ ಲೋಕ ಮತ್ತೆ ಸರಿಯಾಗಿ ಕೂತಿತು. ನಾನು ಹೇಳಲಿಲ್ಲವೇ! ಇಸ್ತ್ರಿಗೆಂದು ಕೊಟ್ಟ ಬಟ್ಟೆ ಹೀಗೆ ಮೇಜಿನಡಿಯಲ್ಲಿ ಬಿದ್ದಿರುವುದನ್ನು ಅವನು ಎಷ್ಟು ಸಲ ನೋಡಿದ್ದ, ಎಷ್ಟು ಸಲ ತಾನೇ ಕಾಲಿನಿಂದ ಒಳಗೆ ತಳ್ಳಿದ್ದ! ಚೀಲವನ್ನು ಎತ್ತಿಕೊಂಡು ಮೇಲೆ ಬಂದ. ಹೆಂಡತಿ ಹೊರಬರುವುದರೊಳಗೆ ತಾನೇ ಮಾಡಿ ಮುಗಿಸಿ, ಅವಳಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದುಕೊಂಡ. ಇಸ್ತ್ರಿ ಪೆಟ್ಟಿಗೆ ಸಿಗದೆ ಕೆಟಲ್ಲಿನ ತಳದಿಂದಲೇ ಅಂಗಿ ತೀಡಿಕೊಳ್ಳುತ್ತಿದ್ದ ಗಿರಾಕಿಗಳನ್ನು ಅವನು ಕಂಡಿದ್ದ. ಹಳೆಯ ಸ್ಟೀಲ್ ಕೆಟಲ್ಲನ್ನು ನೀರಿಲ್ಲದೆ ಕಾಯಲು ಇಟ್ಟ. ತಳ ಚೆನ್ನಾಗಿ ಬಿಸಿಯಾಯಿತು. ಮೊದಲು ಎತ್ತಿಕೊಂಡಿದ್ದು ಬಿಳಿ ಫ್ರಾಕನ್ನು. ಅದೇ ಎಲ್ಲಕ್ಕಿಂತ ಚೆಂದ ಇತ್ತಲ್ಲ.

ಲೇಸು ಚುರ್ ಎಂದಿತು. ಗಾಬರಿಯಾಗಿ ಕೆಟಲ್ ಎತ್ತಿದ. ಲೇಸು ಅದರ ತಳಕ್ಕೆ ಅಂಟಿಕೊಂಡು ಎಳೆ ಎಳೆಯಾಗಿ ಮೇಲೆದ್ದಿತು. ಫ್ರಾಕಿನ ಕುತ್ತಿಗೆಯಲ್ಲಿ ಕಂದು ಬಣ್ಣದ ತೂತು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕನ್ನಡಕದಾಕೆ ಏದುಸಿರು ಬಿಡುತ್ತಿದ್ದಳು. ಹಿಂದೆ ಒಬ್ಬ ಮುದುಕ, ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ.

"ಅಂಗಡಿಗೆ ಹೊತ್ಕೊಂಡು ಹೋಗಿ ಬಂದ್ರೆ ದಾರೀಲಿ ಮತ್ತೆ ಮುದುರುತ್ತೆ ಅನ್ನಿಸ್ತು," ಎಂದಳಾಕೆ. "ಅದಕ್ಕೆ ಅಜ್ಜನ ಮನೆಗೇ ಹೋಗಿ ಎಬ್ಬಿಸ್ಕೊಂಡು ಬಂದೆ. ಕೆಳಗೆ ಚೀಲ ಕಾಣಲಿಲ್ಲ, ಎದೆ ಧಸಕ್ ಅಂತು. ನೀವೇ ತಂದ್ರಾ?"

ಐದ್ನಿಮಿಷ ಬೆಪ್ಪನಂತೆ ನಿಂತ. ಒಂದು ಕೈಯಲ್ಲಿ ಕೆಟಲ್, ಇನ್ನೊಂದರಲ್ಲಿ ಫ್ರಾಕು. ಸ್ನಾನದ ಮನೆಯಿಂದ ಬಂದ ಹೆಂಡತಿ ಒದ್ದೆ ಕೂದಲಲ್ಲೇ ಎಲ್ಲವನ್ನೂ ನೋಡಿದಳು. ಕೂಗಾಡಲಿಲ್ಲ. ಫ್ರಾಕನ್ನು ಅವನ ಕೈಯಿಂದ ಮೆಲ್ಲನೆ ತೆಗೆದುಕೊಂಡು, ತೂತಿನ ಸುತ್ತ ಬೆರಳಾಡಿಸಿದಳು.

"ಅವರು ಮಾಡಿಸ್ತೀನಿ ಅಂದಿದ್ರಲ್ಲ. ಯಾಕ್ರೀ ನಂಬಲಿಲ್ಲ?"

"ರಿಸೆಪ್ಷನ್ನಲ್ಲಿ ಕೂತೋರು ಹೇಗೆ ಮಾತಾಡ್ತಾರೆ ಅಂತ ನನಗೆ ಗೊತ್ತಲ್ಲೇ..."

"ನಿಮಗೆ ಗೊತ್ತಿರೋದು ನೀವು ಹೇಗೆ ಮಾತಾಡ್ತೀರಿ ಅನ್ನೋದು," ಎಂದಳು. ದನಿ ಏರಿರಲಿಲ್ಲ. "ಅಷ್ಟು ಜನಕ್ಕೆ ಐದು ನಿಮಿಷ ಅಂದೂ ಅಂದೂ, ಬೇರೆಯವರ ಬಾಯಲ್ಲಿ ನಿಜ ಬಂದ್ರೂ ನಿಮಗೆ ಗುರುತು ಸಿಗಲ್ಲ. ನಾನಂತೂ ನಿಮ್ಮ ಮಾತಿಗೆ ಕಾಯೋದು ಬಿಟ್ಟು ಯಾವ ಕಾಲ ಆಯ್ತೋ."

ಕಾಯುವುದು ಬಿಟ್ಟಿದ್ದಾಳೆಯೇ? ಜಗಳ ನಿಂತದ್ದು ಅದಕ್ಕಾ? ಅವನಿಗೆ ತಾನು ಎಲ್ಲಿ ನಿಂತಿದ್ದೇನೆಂದೇ ಒಂದು ಕ್ಷಣ ತಿಳಿಯಲಿಲ್ಲ. ಅಜ್ಜ ಯಾರ ಮುಖವನ್ನೂ ನೋಡದೆ ಮೇಜಿನ ಮೇಲೆ ಹೊದಿಕೆ ಹಾಸಿ, ಉಳಿದೆರಡು ಫ್ರಾಕುಗಳನ್ನು ತೀಡತೊಡಗಿದ.

ಅಂಗಡಿಯೊಡತಿ ಎರಡು ಫ್ರಾಕುಗಳನ್ನು ಒಳಗು ಹೊರಗು ಮಾಡಿ ನೋಡಿದಳು. "ಹೊಲಿಗೆ ಚೆನ್ನಾಗಿದೆ. ಮೂರು ಅಂದಿದ್ದೆನಲ್ಲ?"

"ಮೂರನೇದು ಬೆಳಗ್ಗೆ ಸುಟ್ಟುಹೋಯ್ತು," ಎಂದು ಹೆಂಡತಿ ಅದನ್ನೂ ಮುಂದಿಟ್ಟಳು.

"ಛೆ, ಇದೇ ಚೆನ್ನಾಗಿತ್ತು. ಲೇಸು ಹಾಕೋ ಕೈ ನೋಡದೆ ನಾನು ಕೆಲಸ ಕೊಡಲ್ಲಮ್ಮ. ಇನ್ನೊಂದು ಹೊಲಿದು ತನ್ನಿ. ಎಷ್ಟು ದಿನ ಬೇಕು?"

"ಎರಡೇ ದಿನ ಸಾಕು ಮೇಡಂ!" ಐದ್ನಿಮಿಷನ ಬಾಯಿಂದ ಬಂದೇಬಿಟ್ಟಿತು.

ಹೆಂಡತಿ ಅವನ ಕಡೆ ತಿರುಗಲಿಲ್ಲ. "ಸಾಕಾಗಲ್ಲ ಮೇಡಂ. ಈ ಲೇಸು ಸುಲಭಕ್ಕೆ ಸಿಗಲ್ಲ. ತಿಂಗಳ ಕೊನೆಗೆ ತರ್ತೀನಿ."

ಅಂಗಡಿಯೊಡತಿ ಇಬ್ಬರನ್ನೂ ಒಮ್ಮೆ ನೋಡಿ, "ತಿಂಗಳ ಕೊನೆವರೆಗೆ ಬೇರೆ ಯಾರಿಗೂ ಕೊಡಲ್ಲ. ಅದು ದಾಟಿದ್ರೆ ನನ್ನ ಕೇಳಬೇಡಿ," ಎಂದಳು.

ಬಸ್ಸಿನಲ್ಲಿ ಐದ್ನಿಮಿಷ ಹೇಳಿದ, "ಲೇಸು ನಾನು ತರ್ತೀನಿ." ಹೆಂಡತಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮತ್ತೆ ಕೆಲಸ, ಮತ್ತೆ ಅದೇ ಮೇಜು. ಮಧ್ಯಾಹ್ನಗಳಲ್ಲಿ ಅವನು ಊಟ ಬಿಟ್ಟು ಅಂಗಡಿ ಅಂಗಡಿ ಅಲೆದ. ಒಬ್ಬ ಅಂಗಡಿಯವನು "ಬುಧವಾರ ಬರುತ್ತೆ ಸಾರ್, ಗ್ಯಾರಂಟಿ," ಎಂದ. ಐದ್ನಿಮಿಷ ಅವನ ಮುಖವನ್ನೇ ನೋಡುತ್ತ ನಿಂತ. ಈ ಬುಧವಾರ ಎಂಥ ಬುಧವಾರ? ನಿಜವಾದದ್ದೋ, ತನ್ನ ಐದು ನಿಮಿಷದಂಥದ್ದೋ? "ನಿಜ ಹೇಳಪ್ಪ, ಬರಲ್ಲ ಅಂದ್ರೆ ಬರಲ್ಲ ಅನ್ನು, ನನಗೇನೂ ಬೇಜಾರಿಲ್ಲ," ಎಂದು ಅಂಗಲಾಚಿದ. ಅಂಗಡಿಯವನು ಇವನಿಗೇನೋ ಆಗಿದೆ ಎಂಬಂತೆ ನೋಡಿದ.

ಬುಧವಾರ ಬೆಳಗ್ಗೆ ಅಂಗಡಿಗೆ ಹೋದರೆ ಲೇಸು ಬಂದಿರಲಿಲ್ಲ. ಪೆಚ್ಚು ಮೋರೆ ಹಾಕಿಕೊಂಡು ಮೇಜಿನ ಹಿಂದೆ ಬಂದು ಕೂತಾಗ ಮೇಲಿನ ರೂಮಿನಿಂದ ಫೋನು.

"ಇಲ್ಲಿ ಟವೆಲ್ ಇಲ್ಲ. ಒಂದು ಕಳಿಸ್ತೀರಾ?"

"ಐದೇ..." ಎಂದವನು ಅಲ್ಲಿಗೇ ತಡೆದ. ಪಕ್ಕದಲ್ಲಿ ಮಾಲೀಕ ಪೇಪರ್ ಓದುತ್ತಿದ್ದ. ಐದ್ನಿಮಿಷ ಹೇಳಿದ, "ಇಲ್ಲ ಸಾರ್. ಟವೆಲ್ ಇಲ್ಲ. ಲಾಂಡ್ರಿಯಿಂದ ಸಂಜೆಗೆ ಬರುತ್ತೆ. ಈಗ ಸ್ನಾನಕ್ಕೆ ಇಳೀಬೇಡಿ."

ಆ ಕಡೆಯಿಂದ ಗಲಿಬಿಲಿಗೊಂಡ ದನಿ ಬಂತು. "ಇಲ್ಲ ಅಂದ್ರೆ... ಸ್ವಲ್ಪ ಹೊತ್ತಾಗುತ್ತೆ ಅಂತಾನಾ?"

"ಇಲ್ಲ ಅಂದ್ರೆ ಇಲ್ಲ ಸಾರ್."

"ಓ. ಸರಿ ಹಾಗಾದ್ರೆ, ಹೊರಗೆ ಒಂದು ಕೊಂಡ್ಕೊಂಡು ಬರ್ತೀನಿ. ಹೇಳಿದ್ದು ಒಳ್ಳೇದಾಯ್ತು."

ಮಾಲೀಕ ಪೇಪರ್ ಮಡಚಿದ. "ಏನಯ್ಯ ಇದು? ಜಗಳಕ್ಕೆ ಬಂದ್ರೆ ಏನ್ ಮಾಡ್ತೀಯ?"

"ಜಗಳ ಆಗಲಿಲ್ಲವಲ್ಲ ಸಾರ್," ಎಂದ ಐದ್ನಿಮಿಷ. ಯಾಕೆ ಆಗಲಿಲ್ಲವೆಂದು ಅವನಿಗೇ ಅರ್ಥವಾಗಿರಲಿಲ್ಲ. ಮಾಲೀಕನಿಗೂ ಆಗಲಿಲ್ಲ, ಮತ್ತೆ ಪೇಪರ್ ಬಿಡಿಸಿದ.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಹೆಂಡತಿ.

"ಲೇಸು ಬಂತಾ?"

ಬಂದಿದೆ, ಸಂಜೆ ತರ್ತೀನಿ, ಅನ್ನಬಹುದಿತ್ತು. ಆ ಮಾತು ನಾಲಿಗೆ ತುದಿಯಲ್ಲೇ ಇತ್ತು, ಎಂದಿನ ಹಾಗೆ ಸಿಹಿಯಾಗಿ.

"ಬಂದಿಲ್ಲ," ಎಂದ. "ಬುಧವಾರ ಅಂದಿದ್ದ, ಈಗ ಶನಿವಾರ ಅಂತಾನೆ. ಅವನನ್ನ ನಂಬಬೇಕೋ ಬೇಡವೋ ಗೊತ್ತಾಗ್ತಿಲ್ಲ. ಅದಕ್ಕೇ ಸಂಜೆ ಹಳೇ ಮಾರ್ಕೆಟ್ಟಲ್ಲೂ ಹುಡುಕ್ತೀನಿ. ಸಿಗದೇ ಇರಲೂಬಹುದು. ಏನೇ ಆದ್ರೂ ಬಂದು ಹೇಳ್ತೀನಿ."

ಆ ಕಡೆಯಿಂದ ಹೊಲಿಗೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. ಅದು ನಿಂತಿತು. ಅವಳು ಬೈದರೆ ಬೈಯಲಿ ಎಂದು ಅವನು ಕಣ್ಣು ಮುಚ್ಚಿ ಕೂತ.

"ಹುಡುಕಿ," ಎಂದಳು ಅವಳು. ಸ್ವಲ್ಪ ತಡೆದು, "ನಾನು ಕಾಯ್ತಿರ್ತೀನಿ," ಎಂದಳು.