ಗಿಡ್ಡ ಕಡ್ಡಿ

ಆ ಪಂದ್ಯಾವಳಿಯ ಚರಿತ್ರೆಯನ್ನು ಊರಿನವರು ಗೆದ್ದವರ ಹೆಸರಿನಿಂದ ಹೇಳುವುದಿಲ್ಲ, ಪೆಟ್ಟು ತಿಂದವರ ಹೆಸರಿನಿಂದ ಹೇಳುತ್ತಾರೆ. ಸ್ವೀಡನ್, ಫಿನ್ಲೆಂಡ್, ನಾರ್ವೆ ದೇಶಗಳ ತಂಡಗಳು ಎರಡು ಚಳಿಗಾಲಕ್ಕೊಮ್ಮೆ ಉರಾಲ್ ಬೆಟ್ಟಗಳಾಚೆಯ ಈ ಕಾರ್ಖಾನೆ ಊರಿಗೆ ಬಂದು, ಮಂಜುಗಡ್ಡೆಯ ಮೈದಾನದಲ್ಲಿ ನಮ್ಮವರೊಡನೆ ಬ್ಯಾಂಡಿ ಎಂಬ, ಸ್ಕೇಟು ಕಟ್ಟಿಕೊಂಡು ಕೋಲಿನಿಂದ ಚೆಂಡು ಹೊಡೆಯುವ ಹಾಕಿಯಂಥ ಆಟ ಆಡುತ್ತಿದ್ದವು. ಮೊದಲನೆಯದು ಸವೇಲಿಯ ದವಡೆ ಮುರಿದ ವರ್ಷ. ಎರಡನೆಯದು ನಿಕನೋರನ ಕಣ್ಣು ಹೋದ ವರ್ಷ. ನಿಕನೋರ್ ಈಗ ಮೈದಾನದ ಬಾಗಿಲಲ್ಲಿ ಕೂತು, ಟಿಕೆಟ್ಟುಗಳನ್ನು ಉಳಿದೊಂದು ಕಣ್ಣಿನ ಹತ್ತಿರ ಹಿಡಿದು ನೋಡಿ ಹರಿಯುತ್ತಾನೆ.

ಇಬ್ಬರೂ ಮೂಲೆ ಹೊಡೆತಕ್ಕೆ ಸಿಕ್ಕವರು. ಎದುರಾಳಿಗಳು ಮೂಲೆಯಿಂದ ಚೆಂಡನ್ನು ನೂಕಿದ ಕೂಡಲೇ, ಗೋಲಿನ ಗೆರೆಯ ಮೇಲೆ ನಿಂತ ನಮ್ಮವರಲ್ಲಿ ಒಬ್ಬ ಎಲ್ಲರಿಗಿಂತ ಮುಂದೆ ನುಗ್ಗಿ, ಹೊಡೆಯುವವನ ಎದುರು ಮೈಯೊಡ್ಡಬೇಕು. ಚೆಂಡು ಚಿಕ್ಕದು, ಕಲ್ಲಿನಂಥದು. ಆ ಕಾಲದಲ್ಲಿ ಮುಖಕ್ಕೆ ಮರೆಯೂ ಇರಲಿಲ್ಲ. ಮೊದಲು ಓಡುವವನು ಯಾರೆಂದು ಪಂದ್ಯಕ್ಕೆ ಮುಂಚೆ ಬೆಂಕಿಕಡ್ಡಿ ಎಳೆದು ತೀರ್ಮಾನಿಸುತ್ತಿದ್ದರು. ಗಿಡ್ಡ ಕಡ್ಡಿ ಯಾರ ಕೈಗೆ ಬಂತೋ ಅವನೇ. ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿಯುವವನು ನಾಯಕ ರೊದಿಯೋನ್.

ಜಿನೈದಾ ರೊದಿಯೋನನ ತಂಗಿ. ಅವಳ ಗಂಡ ದೆಮ್ಯಾನ್ ಅದೇ ತಂಡದಲ್ಲಿದ್ದ. ನಿಕನೋರನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನವೇ ಅವಳು ಅಣ್ಣನ ಬೆನ್ನು ಹತ್ತಿದಳು.

“ದೆಮ್ಯಾನನ ಕೈಗೆ ಗಿಡ್ಡದ್ದು ಬರದ ಹಾಗೆ ನೋಡ್ಕೊಳ್ಳಣ್ಣಾ.”

“ಅವನಿಗೆ ಬರ್ಲಿಲ್ಲ ಅಂದ್ರೆ ಇನ್ನೊಬ್ಬನಿಗೆ ಬರುತ್ತೆ. ಗೊತ್ತಿದ್ದೂ ಕೇಳ್ತಿದೀಯಾ?”

“ಗೊತ್ತಿದ್ದೇ ಕೇಳ್ತಿದೀನಿ.”

ರೊದಿಯೋನ್ ನಕ್ಕ. “ಭಲೇ! ನನ್ನ ತಂಗಿ ಕಣೇ ನೀನು.”

ಅಂದಿನಿಂದ ದೆಮ್ಯಾನ್ ಎಳೆಯುವಾಗ ಆ ಮುಷ್ಟಿಯಲ್ಲಿ ಗಿಡ್ಡ ಕಡ್ಡಿ ಇರುತ್ತಲೇ ಇರಲಿಲ್ಲ. ಅವನ ಸರದಿ ಮುಗಿದ ಮೇಲೆ ರೊದಿಯೋನ್ ಅದನ್ನು ಮೆಲ್ಲನೆ ಒಳಗೆ ಸೇರಿಸುತ್ತಿದ್ದ.

ಮೂರನೆಯ ಪಂದ್ಯಾವಳಿಯಲ್ಲಿ, ಫಿನ್ಲೆಂಡಿನವರ ಎದುರು, ಅದು ಬಂದದ್ದು ಪಕ್ಕದ ಮನೆ ಪೆಲಗೇಯಾಳ ಮಗ ಅರ್ಸೇನಿಗೆ. ಪೆಲಗೇಯಾ, ಜಿನೈದಾ ಇಬ್ಬರೂ ಒಂದೇ ಶಾಲು ಹೊದ್ದು ನಿಂತು, ಪೆಲಗೇಯಾ ಮಾಡಿ ತಂದ ಎಲೆಕೋಸು ತುಂಬಿ ಬೇಯಿಸಿದ ಪಿರೋಗಿ ಕಡುಬು ತಿನ್ನುತ್ತಿದ್ದರು.

“ನೋಡೇ, ನನ್ನ ಮಗನೇ ಮುಂದೆ! ಹೇಗೆ ನುಗ್ತಾನೆ ನೋಡು ಮುಂಡೇದು!” ಪೆಲಗೇಯಾ ತುಂಬಿದ ಬಾಯಲ್ಲೇ ಕೂಗಿದಳು.

ಜಿನೈದಾಳ ಬಾಯೊಳಗಿನ ತುತ್ತು ಕೆಳಗಿಳಿಯಲಿಲ್ಲ. ಚೆಂಡು ಅರ್ಸೇನಿಯ ಗಂಟಲಿಗೆ ಬಡಿಯಿತು.

ಜೀವ ಉಳಿಯಿತು, ಇನ್ನು ಮಾತು ಬರುವುದಿಲ್ಲ ಎಂದರು ಡಾಕ್ಟರು. ಪಂದ್ಯವನ್ನು ನಮ್ಮವರು ಗೆದ್ದರು. ಮರುದಿನ ಸ್ವೀಡನ್ನಿನ ಎದುರು ಕೊನೆಯ ಪಂದ್ಯ.

ಬೆಳಿಗ್ಗೆ ಪೆಲಗೇಯಾ ಮಗನಿಗೆ ಸಾರು ಒಯ್ಯಲು ಮುಚ್ಚಳದ ಪಾತ್ರೆ ಕೇಳಿಕೊಂಡು ಬಂದಳು.

“ಅವನ ಕೈಯೇ ಅಲ್ವಾ ಮಗಳೇ ಎಳೆದದ್ದು? ಯಾರನ್ನ ಬೈಲಿ?”

ಸ್ಕೇಟಿನ ದಾರ ಬಿಗಿಯುತ್ತಿದ್ದ ದೆಮ್ಯಾನ್ ತಲೆಯೆತ್ತಿದ. “ಇವತ್ತು ಕಡ್ಡಿ ಇಲ್ಲ ಚಿಕ್ಕಮ್ಮ. ನಾನೇ ಮೊದಲು ಓಡ್ತೀನಿ ಅಂತ ಭಾವನಿಗೆ ಹೇಳಿಬಿಟ್ಟಿದೀನಿ. ಇಷ್ಟು ದಿನದಲ್ಲಿ ಒಂದು ಸಲವಾದ್ರೂ ಗಿಡ್ಡದ್ದು ನನ್ನ ಕೈಗೆ ಬಂದಿದ್ಯಾ? ಅದೃಷ್ಟ ಇರೋನು ಓಡ್ಲಿ.”

ಗಂಜಿ ಬಡಿಸುತ್ತಿದ್ದ ಜಿನೈದಾಳ ಕೈ ನಿಂತಿತು. “ಬೇಡ. ನಿನ್ನ ಅದೃಷ್ಟ...”

“ಏನಾಗಿದೆ ನನ್ನ ಅದೃಷ್ಟಕ್ಕೆ?”

ದೆಮ್ಯಾನನನ್ನು ಕರೆದೊಯ್ಯಲು ಬಂದ ರೊದಿಯೋನ್ ಬಾಗಿಲಲ್ಲಿ ನಿಂತು ಟೋಪಿಯ ಹಿಮ ಕೊಡವುತ್ತಿದ್ದ. ಅವನಿಗೆ ಕಪ್ ಬೇಕಿತ್ತು. ದೆಮ್ಯಾನನಷ್ಟು ವೇಗದವನು ತಂಡದಲ್ಲಿ ಇನ್ನೊಬ್ಬನಿರಲಿಲ್ಲ.

“ಹೇಳೇ ಜಿನಾ,” ಎಂದ. “ಚಿಕ್ಕಮ್ಮನೂ ಇಲ್ಲೇ ಇದಾಳೆ. ನಾವೂ ಕೇಳ್ತೀವಿ.”

ಜಿನೈದಾ ಪೆಲಗೇಯಾಳ ಊದಿದ ಕಣ್ಣುಗಳನ್ನು ನೋಡಿದಳು. ಅವಳು ಎದೆಗವಚಿಕೊಂಡಿದ್ದ ಪಾತ್ರೆಯನ್ನು ನೋಡಿದಳು.

“ಗಂಜಿ ಆರ್ತಿದೆ, ತಿನ್ನು,” ಎಂದಳು ಗಂಡನಿಗೆ.

ಪೆಲಗೇಯಾ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಕಳಿಸಿದಳು. ಮೈದಾನಕ್ಕೂ ಬಂದಳು; ಆಸ್ಪತ್ರೆಯಲ್ಲಿ ಸಂಜೆಯವರೆಗೆ ಒಳಗೆ ಬಿಡುತ್ತಿರಲಿಲ್ಲ. ತನ್ನ ಶಾಲಿನ ಅರ್ಧವನ್ನು ಮತ್ತೆ ಜಿನೈದಾಳಿಗೆ ಹೊದಿಸಿದಳು.

“ಯಾಕೇ ಹೀಗೆ ನಡುಗ್ತೀಯ? ನಿನ್ನ ಗಂಡನ ಕೈ ಪುಣ್ಯದ್ದು. ಚೆಂಡು ಅವನ ಹತ್ರ ಸುಳಿಯಲ್ಲ.”

ಸ್ವೀಡನ್ನಿನವರಿಗೆ ಮೂಲೆ ಹೊಡೆತ ಸಿಕ್ಕಿತು. ರೆಫರಿ ಸೀಟಿ ಊದಿದ. ದೆಮ್ಯಾನ್ ಗೆರೆ ಬಿಟ್ಟು ಹೊರಟ, ಉಳಿದವರಿಗಿಂತ ಎಷ್ಟೋ ಮುಂದೆ, ಕೈ ಅಡ್ಡ ಹಿಡಿಯದೆ, ತಲೆ ಎತ್ತಿಕೊಂಡು.

“ಮುಖ ಮುಚ್ಕೊಳ್ಳೋ!” ಬಾಗಿಲಿನಿಂದ ನಿಕನೋರ್ ಚೀರಿದ.

ಮೂರನೆಯದನ್ನು ಊರಿನವರು ಅರ್ಸೇನಿಯ ವರ್ಷ ಎನ್ನುವುದಿಲ್ಲ. ದೆಮ್ಯಾನ್ ಸತ್ತ ವರ್ಷ ಎನ್ನುತ್ತಾರೆ. ಪಿರೋಗಿ ಮಾಡಿದಾಗಲೆಲ್ಲ ಪೆಲಗೇಯಾ ಬಿಸಿಬಿಸಿಯಾಗಿ ಎರಡನ್ನು ಜಿನೈದಾಳಿಗೆ ತಂದುಕೊಡುತ್ತಾಳೆ. ಪಕ್ಕದಲ್ಲೇ ಕೂತು, ಅವಳು ಪೂರ್ತಿ ತಿನ್ನುವವರೆಗೂ ಏಳುವುದಿಲ್ಲ.