ಒಂದು ಮೂಲೆಯ ತೂಕ

"ಸೀಲ್ ಮುಟ್ಬೇಡ ತಂಬಿ," ಎಂದರು ಅಂಗಡಿಯ ನಾರಾಯಣಸ್ವಾಮಿ. "ಅದು ಕಿತ್ತೋದ್ರೆ ವಾರಂಟಿ ಹೋದಂಗೆ."

ಯತಿರಾಜ ಸೀಲ್ ಮುಟ್ಟಿರಲಿಲ್ಲ. ಆ ತಗಡಿನ ಡಬ್ಬಿಯನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದ. ಹೊಸೂರು ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲಿನ ಕಂಪ್ಯೂಟರ್ ಅಂಗಡಿ. ಕೆಳಗೆ ಕೆಲಮಂಗಲದ ಬಸ್ಸಿನ ಕಂಡಕ್ಟರು ಜನ ಕೂಗುವುದು ಕೇಳಿಸುತ್ತಿತ್ತು. ಕೌಂಟರಿನ ಮೇಲೆ ಅವನ ಕಂಪ್ಯೂಟರು ಇನ್ನೂ ಬಿಡಿಬಿಡಿಯಾಗಿ ಬಿದ್ದಿತ್ತು. ಬೋರ್ಡು, ಪ್ರೊಸೆಸರು, ಹಾರ್ಡ್‌ಡಿಸ್ಕು, ಒಂದೇ ಒಂದು ರ‍್ಯಾಮ್ ಪಟ್ಟಿ, ಬಾಯ್ತೆರೆದ ಖಾಲಿ ಕ್ಯಾಬಿನೆಟ್ಟು. ಅವನ ಅಂಗೈ ಮೇಲಿದ್ದದ್ದು ಇವಕ್ಕೆಲ್ಲ ಕರೆಂಟು ಹಂಚುವ ಎಸ್‌ಎಂಪಿಎಸ್.

"ಇದು ಅದಲ್ಲಣ್ಣ," ಎಂದ.

"ಯಾವ್ದು ಅದಲ್ಲ?"

"ಹೋದ್ವಾರ ನನ್ ಕೈಗೆ ಕೊಟ್ಟಿದ್ರಲ್ಲ, ಅದು."

"ಅದು ನನ್ ಟೇಬಲ್ ಕೆಳಗಿನ ಮಿಷಿನ್‌ದಪ್ಪ. ಬಿಚ್ಚಿ ತೋರ್ಸಿದ್ದೆ. ಇದು ಹೊಸ ಪೀಸು. ಅದೇ ಕಂಪನಿ, ಅದೇ ಮಾಡಲ್, ಐನೂರು ವ್ಯಾಟ್. ಲೇಬಲ್ ಓದು."

"ಓದಂಗಿದ್ರೆ ಒಂಬತ್ನೇ ಕ್ಲಾಸಿಗೇ ಯಾಕ್ ಸ್ಕೂಲ್ ಬಿಡ್ತಿದ್ದ?" ಎಂದು ಪಕ್ಕದಿಂದ ರಾಜೇಶ್ ನಕ್ಕ.

ರಾಜೇಶ್ ಯತಿರಾಜನ ಸೋದರಮಾವನ ಮಗ. ಡಿಪ್ಲೊಮಾ ಓದಿದವನು, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ, ಅಂಗಿಯ ಜೇಬಿನಲ್ಲಿ ಯಾವಾಗಲೂ ಪೆನ್ನು. ಅಷ್ಟು ದುಡ್ಡು ತೆಗೆದುಕೊಂಡು ಈ ಕೋಪಿಷ್ಠ ಒಬ್ಬನೇ ಹೋಗುವುದು ಬೇಡವೆಂದು ಮನೆಯವರೇ ಅವನನ್ನು ಜೊತೆಗೆ ಕಳಿಸಿದ್ದರು. ಸ್ಕೂಲಿನ ಮಾತು ಅವನು ಎಲ್ಲಿ ಬೇಕಾದರೂ ತೆಗೆಯುತ್ತಿದ್ದ. ಹೊಡೆಯಲು ಎತ್ತಿದ ಮೇಷ್ಟ್ರ ಕೈಯನ್ನು ಹಿಡಿದುಕೊಂಡು ಬಿಡದೆ ನಿಂತದ್ದಕ್ಕೆ ಯತಿರಾಜನನ್ನು ಹೊರಗೆ ಹಾಕಿದ್ದರು ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಈ ಕಂಪ್ಯೂಟರಿಗಾಗಿ ಇಬ್ಬರೂ ಮೂರು ತಿಂಗಳು ಜಗಳವಾಡಿದ್ದರು. ರಾಜೇಶ್ ಇಂಗ್ಲಿಷಿನಲ್ಲಿ ನೀಟಾಗಿ ಬರೆದುಕೊಟ್ಟ ಲಿಸ್ಟಿನಲ್ಲಿ ದೊಡ್ಡ ಪ್ರೊಸೆಸರ್ ಇತ್ತು, ಮಿಣಮಿಣ ಲೈಟಿನ ಕ್ಯಾಬಿನೆಟ್ ಇತ್ತು, ಬೋರ್ಡಿನ ಮುಂದೆ 'ಯಾವುದಾದರೂ' ಎಂದಿತ್ತು. ಯತಿರಾಜ ಅದನ್ನು ಹರಿದುಹಾಕಿದ್ದ. ಅವನ ಲಿಸ್ಟೇ ಬೇರೆ. ಬೋರ್ಡು ದೊಡ್ಡದು, ಎಸ್‌ಎಂಪಿಎಸ್ ದೊಡ್ಡದು, ಉಳಿದದ್ದೆಲ್ಲ ಸದ್ಯಕ್ಕೆ ಸಣ್ಣದು. ರ‍್ಯಾಮಿಗೆ ನಾಲ್ಕು ಜಾಗ, ಮೂರು ಖಾಲಿ. ಗೇಮಿನ ಕಾರ್ಡು ಕೂರುವ ಉದ್ದನೆಯ ಜಾಗವೂ ಖಾಲಿ. ಕಾರ್ಡು ಮುಂದಿನ ವರ್ಷ, ಆಯುಧಪೂಜೆಯ ಬೋನಸ್ಸಿಗೆ. ಪ್ರೊಸೆಸರು ಅದರ ಮುಂದಿನ ವರ್ಷ.

"ಲೇತಲ್ಲಿ ಅಡಿಗಿರೋ ಬೆಡ್ ಗಟ್ಟಿ ಇರ್ಬೇಕು ಭಾವ. ಟೂಲು ಯಾವಾಗ್ ಬೇಕಾದ್ರೂ ಬದಲಾಯಿಸ್ಕಬೋದು," ಎಂದಿದ್ದ ಫ್ಯಾಕ್ಟರಿಯಲ್ಲಿ ಲೇತ್ ಓಡಿಸುವ ಯತಿರಾಜ.

"ಕಂಪ್ಯೂಟರ್ ಅಂದ್ರೆ ನಿನ್ ಲೇತೇನ್ಲಾ?" ಎಂದಿದ್ದ ರಾಜೇಶ್.

ಬ್ರೌಸಿಂಗ್ ಸೆಂಟರಿನಲ್ಲಿ ಗಂಟೆಗಿಷ್ಟು ಎಂದು ಕೊಟ್ಟು, ಇನ್ನೇನು ಗೆಲ್ಲಬೇಕು ಅನ್ನುವಾಗ ಟೈಮ್ ಮುಗಿದು ಸ್ಕ್ರೀನು ಆರಿಹೋಗುವುದನ್ನು ಯತಿರಾಜ ಮೂರು ವರ್ಷ ಸಹಿಸಿದ್ದ. ಮೂರು ವರ್ಷದ ಓವರ್‌ಟೈಮು ಈಗ ಈ ಕೌಂಟರಿನ ಮೇಲಿತ್ತು. ಡಬ್ಬಿ ಖೊಟ್ಟಿಯಾದರೆ, ಮುಂದಿನ ವರ್ಷ ಹೆಚ್ಚು ಕರೆಂಟು ಎಳೆಯುವ ಆ ಕಾರ್ಡು ಹಾಕಿದ ದಿನ ಅದರೊಟ್ಟಿಗೆ ಬೋರ್ಡೂ ಸುಟ್ಟುಹೋಗುತ್ತದೆ.

ನಾರಾಯಣಸ್ವಾಮಿ ಕೊರಿಯರ್ ಏಜೆನ್ಸಿಯನ್ನೂ ಇಟ್ಟುಕೊಂಡಿದ್ದರು. ಪಾರ್ಸೆಲ್ ತೂಗುವ ತಕ್ಕಡಿಯನ್ನು ಎಳೆದು ಮುಂದಿಟ್ಟರು. "ಹಗುರ ಅನ್ನಿಸ್ತೈತಾ? ತೂಗಿಬಿಡು. ಡೂಪ್ಲಿಕೇಟ್ ಆದ್ರೆ ಹಗುರ ಇರ್ತೈತೆ."

ತೂಗಿದರು. ಒಂದು ಕಿಲೋ ಒಂಬೈನೂರು. ರಟ್ಟಿನ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದದ್ದೂ ಅಷ್ಟೇ.

"ನೋಡ್ದಾ?" ಎಂದ ರಾಜೇಶ್. "ಒಂದ್ ಗ್ರಾಮ್ ಹೆಚ್ಚಿಲ್ಲ, ಕಮ್ಮಿ ಇಲ್ಲ. ಸುಮ್ನೆ ನನ್ ಮರ್ಯಾದೆ ತೆಗೀಬೇಡ ಕಣ್ಲಾ. ಫಿಟ್ ಮಾಡ್ಸು, ಹೋಗಾನ."

ಯತಿರಾಜನ ಕಿವಿ ಬಿಸಿಯಾದವು. ಡಬ್ಬಿಯನ್ನು ಆ ಗಾಜಿನ ಕೌಂಟರಿನ ಮೇಲೆ ಎತ್ತಿ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ಮತ್ತೆ ಅಂಗೈ ಮೇಲೆ ಇಟ್ಟುಕೊಂಡ. ಕಿರುಬೆರಳಿನ ಕಡೆ ಅದು ಎಳೆಯುತ್ತಿತ್ತು.

ಆ ಎಳೆತ ಅವನಿಗೆ ಗೊತ್ತಿತ್ತು. ಟೂಲ್‌ರೂಮಿನಲ್ಲಿ ಸೊಟ್ಟ ಆಕಾರದ ಎರಕದ ಕಾಸ್ಟಿಂಗನ್ನು ಲೇತಿಗೆ ಕಟ್ಟಿ ತಿರುಗಿಸುವಾಗ, ಹಗುರ ಇರುವ ಕಡೆಗೆ ಕಬ್ಬಿಣದ ತುಂಡೊಂದನ್ನು ಬಿಗಿಯುತ್ತಾರೆ. ಬಿಗಿಯದಿದ್ದರೆ ಇಡೀ ಮಿಷಿನ್ನು ನಡುಗುತ್ತದೆ. ಯಾವ ತುಂಡು, ಯಾವ ಜಾಗ ಎಂದು ಆರು ವರ್ಷದಿಂದ ಹೇಳುತ್ತಾ ಬಂದದ್ದು ಅವನ ಈ ಕೈಯೇ.

"ತೂಕ ಸರಿಯಾಗೇ ಐತಣ್ಣ," ಎಂದ. "ತೂಕ ಇರೋ ಜಾಗ ಸರಿಯಾಗಿಲ್ಲ. ನಿಮ್ ಮಿಷಿನ್‌ದು ಬಿಚ್ಕೊಡಿ."

"ವ್ಯಾಪಾರದ ಹೊತ್ತಲ್ಲಿ ಏನಪ್ಪ ಇದು ರೋದನೆ," ಎಂದು ಗೊಣಗುತ್ತಲೇ ನಾರಾಯಣಸ್ವಾಮಿ ಬಗ್ಗಿ ನಾಲ್ಕು ಸ್ಕ್ರೂ ಬಿಚ್ಚಿ ತಮ್ಮ ಹಳೆಯ ಡಬ್ಬಿಯನ್ನು ತಂದಿಟ್ಟರು.

ಯತಿರಾಜ ಒಂದು ಉದ್ದನೆಯ ಸ್ಕ್ರೂಡ್ರೈವರನ್ನು ಕೌಂಟರಿನ ಮೇಲೆ ಅಡ್ಡ ಮಲಗಿಸಿದ. ಹಳೆಯ ಡಬ್ಬಿಯನ್ನು ಅದರ ಕಂಬಿಯ ಮೇಲಿಟ್ಟು ಅತ್ತಿತ್ತ ಜರುಗಿಸಿದ. ಅದು ಹೆಚ್ಚುಕಮ್ಮಿ ನಡುಮಧ್ಯಕ್ಕೆ ಸಮನಾಗಿ ನಿಂತಿತು. ಹೊಸದನ್ನು ಇಟ್ಟ. ನಡುವಿಗೆ ನಿಲ್ಲಲಿಲ್ಲ, ವಾಲಿತು. ಜರುಗಿಸಿದ, ವಾಲಿತು. ಜರುಗಿಸುತ್ತಾ ಜರುಗಿಸುತ್ತಾ ಅದು ನಿಂತದ್ದು ಅಂಚಿನಿಂದ ಮೂರು ಬೆರಳಿನಷ್ಟು ಒಳಗೆ.

"ಈ ಮೂಲೇಲಿ ಏನೋ ಐತೆ," ಎಂದು ಬೆರಳಿಟ್ಟು ತೋರಿಸಿದ. "ಸೀಲ್ ಕೀಳ್ತೀನಿ."

"ಕಿತ್ ಮೇಲೆ ಕಂಪನಿ ವಾಪಸ್ ತಗಳಲ್ಲ ತಂಬಿ. ನಾನೂ ತಗಳಲ್ಲ."

"ನನ್ ಮಾತು ಸುಳ್ಳಾದ್ರೆ ಈ ಡಬ್ಬಿ ಒಂದೇ ನಂದು. ದುಡ್ಡು ಪೂರ್ತಿ ಕೊಡ್ತೀನಿ, ಕೌಂಟರ್ ಮೇಲಿರೋದೆಲ್ಲ ನೀವೇ ಇಟ್ಕಳಿ."

"ತಿಕ್ಲು ಹಿಡೀತೇನ್ಲಾ ನಿಂಗೆ," ರಾಜೇಶ್ ಅವನ ರಟ್ಟೆ ಹಿಡಿದ. "ಅತ್ತೆಗೆ ನಾನೇನ್ ಹೇಳ್ಲಿ?"

"ಕೈ ಬಿಡು ಭಾವ."

ಅವನ ದನಿ ಏರಿರಲಿಲ್ಲ. ರಾಜೇಶ್ ಕೈ ಬಿಟ್ಟ.

ಸೀಲು ಸೀಳಿತು. ನಾಲ್ಕು ಸ್ಕ್ರೂ ಗಾಜಿನ ಮೇಲೆ ಉರುಳಿದವು. ಮುಚ್ಚಳ ಎತ್ತಿದಾಗ ಮೂವರ ತಲೆಗಳೂ ಒಟ್ಟಿಗೆ ಬಗ್ಗಿದವು. ಒಳಗೆ ಬಡಕಲು ಸರ್ಕ್ಯೂಟು, ಅದರ ಮೇಲೆ ಗೋಲಿಯಷ್ಟು ಸಣ್ಣ ಸುರುಳಿ, ಸುತ್ತ ಬರೀ ಖಾಲಿ. ಯತಿರಾಜ ಬೆರಳಿಟ್ಟಿದ್ದ ಮೂಲೆಯಲ್ಲಿ, ಬಿಳಿ ಗೋಂದು ಸುರಿದು ಅಂಟಿಸಿದ ಒಂದು ತುಕ್ಕು ಹಿಡಿದ ಕಬ್ಬಿಣದ ಗಟ್ಟಿ.

ಯತಿರಾಜ ಸ್ಕ್ರೂಡ್ರೈವರಿನ ತುದಿಯಿಂದ ಗಟ್ಟಿಯನ್ನು ಮೀಟಿ ಎಬ್ಬಿಸಿ, ಗಟ್ಟಿ ತೆಗೆದ ಡಬ್ಬಿಯನ್ನು ತಕ್ಕಡಿಗೆ ಹಾಕಿದ. ಎಂಟುನೂರು ಚಿಲ್ಲರೆ.

"ಈಗ ಲೇಬಲ್ ಓದು ಭಾವ," ಎಂದ.

ರಾಜೇಶ್ ಓದಲಿಲ್ಲ. ಕಿಟಕಿಯ ಕಡೆ ನೋಡಿದ.

ನಾರಾಯಣಸ್ವಾಮಿ ಗಟ್ಟಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಕಡವುಳೇ," ಎಂದು ಮೆಲ್ಲಗೆ ತಮಿಳಿನಲ್ಲಿ ದೇವರನ್ನು ನೆನೆದರು. "ತೂಗೇ ತಗಂಡಿದ್ದೆ ಕಣಪ್ಪ. ಒಂದೊಂದೂ ತೂಗಿ. ಇಪ್ಪತ್ ವರ್ಷದಿಂದ ಇದೇ ರೋಡಲ್ಲಿ ಅಂಗಡಿ ಇಟ್ಟಿದೀನಿ. ಐದು ಜನಕ್ಕೆ ಇದೇ ಹಾಕ್ಕೊಟ್ಟಿದೀನಿ."

"ಅವರ್ನೆಲ್ಲ ಕರೀರಿ," ಎಂದ ಯತಿರಾಜ.

"ಕರೀತೀನಿ. ಇವತ್ತೇ ಫೋನ್ ಮಾಡ್ತೀನಿ." ಅವರು ತಮ್ಮ ಹಳೆಯ ಡಬ್ಬಿಯನ್ನು ಒರೆಸಿ, ಅವನ ಕಡೆ ತಳ್ಳಿದರು. "ನೀನು ಇದನ್ ಹಾಕ್ಕೋ. ಇದ್ರದ್ದು ದುಡ್ಡು ಬೇಡ. ಇನ್ನೂ ಹತ್ ವರ್ಷ ಏನೂ ಆಗಲ್ಲ."

ಜೋಡಿಸಿದ್ದು ಯತಿರಾಜನೇ. ನಾರಾಯಣಸ್ವಾಮಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನ ಬೆರಳು ಅಲ್ಲಿ ಇರುತ್ತಿತ್ತು. ಸ್ಕ್ರೂಗಳನ್ನು ಒಂದಾದ ಮೇಲೊಂದು ಬಿಗಿಯಲಿಲ್ಲ, ಮೂಲೆಯಿಂದ ಎದುರು ಮೂಲೆಗೆ ಬಿಗಿದ. ವೈರುಗಳನ್ನು ಬದಿಗೆ ಕಟ್ಟಿ, ಮುಂದೆ ಬರುವ ಕಾರ್ಡಿಗೆ ಜಾಗ ಬಿಟ್ಟ. ಬಟನ್ ಒತ್ತಿದ. ಫ್ಯಾನು ಒಮ್ಮೆ ಅದುರಿ, ಸುತ್ತತೊಡಗಿತು. ಒಂದು ಸಣ್ಣ ಬೀಪ್. ಅಂಗಡಿಯ ಸ್ಕ್ರೀನಿನ ಮೇಲೆ ಬಿಳಿಯ ಅಕ್ಷರಗಳು ಸಾಲುಸಾಲಾಗಿ ಹತ್ತಿದವು. ಯತಿರಾಜ ಕ್ಯಾಬಿನೆಟ್ಟಿನ ಮೇಲೆ ಅಂಗೈ ಊರಿದ. ನಡುಕವಿರಲಿಲ್ಲ.

ಅವನು ಬಿಲ್ಲು ಕೇಳುವಷ್ಟರಲ್ಲಿ ನಾರಾಯಣಸ್ವಾಮಿ ಒಳಗಿನ ರೂಮಿಗೆ ಹೋಗಿದ್ದರು. ಎದೆಗೊತ್ತಿಕೊಂಡು ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ತಂದರು, ಮತ್ತೊಮ್ಮೆ ಹೋಗಿ ಬಂದರು. ಬೇರೆ ಬೇರೆ ಕಂಪನಿಯ ಎಸ್‌ಎಂಪಿಎಸ್‌ಗಳು, ಒಟ್ಟು ಒಂಬತ್ತು. ತಮ್ಮ ತಿರುಗುವ ಕುರ್ಚಿಯನ್ನು ಕೌಂಟರಿನ ಈಚೆಗೆ ಎಳೆದು, ಟವೆಲಿನಿಂದ ಒಂದೇಟು ಹೊಡೆದು ಧೂಳು ಕೊಡವಿದರು.

"ಕೂತ್ಕೊಳಪ್ಪ. ಇವನ್ನೂ ಒಂಚೂರು ನೋಡ್ಬುಡು."

ಯತಿರಾಜ ಕೂತ. ರಾಜೇಶ್ ಕೌಂಟರಿನ ಮೇಲಿದ್ದ ಹಳೆಯ ಬಿಲ್ಲೊಂದನ್ನು ಮಗುಚಿ, ಜೇಬಿನ ಪೆನ್ನು ತೆಗೆದು, ಒಂದರಿಂದ ಒಂಬತ್ತರವರೆಗೆ ಅಂಕಿ ಹಾಕಿಕೊಂಡ. ಮೊದಲನೆಯ ಡಬ್ಬಿ ಅಂಗೈ ಮೇಲೆ ಬಂತು. ಯತಿರಾಜ ಕಣ್ಣು ಮುಚ್ಚಿದ. ಪೆನ್ನಿನ ತುದಿ ಕಾಗದಕ್ಕೆ ತಾಗದಂತೆ, ಅಂಕಿಯ ಪಕ್ಕದಲ್ಲಿ, ಕಾಯುತ್ತಿತ್ತು.